ಠಾಣೆಯೊಳಗೆ ಹುಟ್ಟಿದ ಪಾಠಶಾಲೆ

ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ ಹುಡುಗನನ್ನು ನಮ್ಮ ಊರುಗಳಲ್ಲಿ ಹಿರಿಯರು ಮೊದಲು ಕೇಳುವುದು ಎತ್ತರ ಎಷ್ಟಿದ್ದೀಯ, ಎದೆ ಎಷ್ಟು ಉಬ್ಬುತ್ತದೆ ಎಂದು. ಓದಿನ ಮಾತು ಆಮೇಲೆ. ಕಳ್ಳನ ಬೆನ್ನಟ್ಟಲು ಕಾಲಿನಲ್ಲಿ ಬಲ ಬೇಕು, ಹಿಡಿದು ತರಲು ತೋಳಿನಲ್ಲಿ ಬಲ ಬೇಕು, ಪುಸ್ತಕ ಯಾಕೆ? ಈ ಭಾವನೆ ನಮ್ಮದು ಮಾತ್ರವಲ್ಲ. ನೂರಿಪ್ಪತ್ತು ವರ್ಷಗಳ ಹಿಂದೆ ಅಮೆರಿಕದಲ್ಲೂ ಜನ ಹೀಗೆಯೇ ಯೋಚಿಸುತ್ತಿದ್ದರು. ಅಲ್ಲಿ ಇಂದು ಪೊಲೀಸು, ಕೋರ್ಟು, ಜೈಲುಗಳನ್ನು ಒಟ್ಟಿಗೆ ಹಿಡಿದು ಓದುವ 'ಕ್ರಿಮಿನಲ್ ಜಸ್ಟಿಸ್' ಎಂಬ ವಿಷಯವನ್ನು ಕಲಿಸದ ದೊಡ್ಡ ವಿಶ್ವವಿದ್ಯಾಲಯಗಳೇ ಕಡಿಮೆ. ಇತಿಹಾಸ, ಅರ್ಥಶಾಸ್ತ್ರಗಳಂತೆ ಇದರಲ್ಲೂ ಬಿ.ಎ. ಇದೆ, ಎಂ.ಎ. ಇದೆ, ಡಾಕ್ಟರೇಟು ಇದೆ.

ಈ ಬದಲಾವಣೆಗೆ ನಾಂದಿ ಹಾಡಿದವನು ಪ್ರೊಫೆಸರನಲ್ಲ, ನ್ಯಾಯಾಧೀಶನೂ ಅಲ್ಲ. ಪ್ರಾಥಮಿಕ ಶಾಲೆ ಮುಗಿಸಿ, ಸ್ವಲ್ಪ ಕಾಲ ಲೆಕ್ಕ ಬರೆಯುವುದನ್ನೂ ಶೀಘ್ರಲಿಪಿಯನ್ನೂ ಕಲಿತು, ಮನೆಮನೆಗೆ ಕಾಗದ ಹಂಚುತ್ತಿದ್ದ ಒಬ್ಬ ಅಂಚೆ ಪೇದೆ. ಆತ ಪೊಲೀಸ್ ಠಾಣೆಯೊಳಗೆ ಆರಂಭಿಸಿದ ಪಾಠಶಾಲೆ ಬೆಳೆದು ವಿಶ್ವವಿದ್ಯಾಲಯದ ಒಂದು ಪೂರ್ಣ ಶಾಖೆಯಾಯಿತು. ಮುಂದೆ ಅದೇ ವಿಶ್ವವಿದ್ಯಾಲಯ ಆ ಶಾಖೆಗೆ ಬೀಗ ಹಾಕಿತು. ಯಾಕೆ ಬೀಗ ಬಿತ್ತು ಎಂಬುದನ್ನು ತಿಳಿದರೆ ಈ ವಿದ್ಯೆಯ ಒಳಗಿನ ಜಗಳ ಏನೆಂದು ಅರ್ಥವಾಗುತ್ತದೆ.

ಮಾರ್ಷಲ್ ಆದ ಅಂಚೆ ಪೇದೆ

ಆಗಸ್ಟ್ ವೋಲ್ಮರ್ ಹುಟ್ಟಿದ್ದು 1876ರಲ್ಲಿ, ನ್ಯೂ ಆರ್ಲಿಯನ್ಸ್ ನಗರದಲ್ಲಿ. 1898ರಲ್ಲಿ ಅಮೆರಿಕಕ್ಕೂ ಸ್ಪೇನಿಗೂ ಯುದ್ಧ ಶುರುವಾದಾಗ ಸಿಪಾಯಿಯಾಗಿ ಫಿಲಿಪೀನ್ಸಿಗೆ ಹೋದ. ಮರಳಿ ಬಂದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಚೆ ದಡದಲ್ಲಿರುವ ಬರ್ಕ್ಲಿಯಲ್ಲಿ ಅಂಚೆ ಇಲಾಖೆ ಸೇರಿದ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ ಇರುವುದು ಈ ಊರಿನಲ್ಲೇ. 1904ರಲ್ಲಿ ಒಂದು ದಿನ ಸರಕು ರೈಲಿನ ಡಬ್ಬಿಯೊಂದು ಹಿಡಿತ ತಪ್ಪಿ, ಇಳಿಜಾರಿನಲ್ಲಿ ಪ್ರಯಾಣಿಕರ ರೈಲಿನತ್ತ ಉರುಳತೊಡಗಿತು. ವೋಲ್ಮರ್ ಓಡಿ ಅದರ ಮೇಲೆ ಹಾರಿ ಬ್ರೇಕು ಹಾಕಿದ. ಊರಿಗೆಲ್ಲ ಹೆಸರಾದ. ಮರುವರ್ಷ ಪಟ್ಟಣದ ಮಾರ್ಷಲ್ ಹುದ್ದೆಗೆ ಚುನಾವಣೆ ಬಂದಾಗ ಗೆಳೆಯರು ನಿಲ್ಲಿಸಿದರು, ಗೆದ್ದ. ಚುನಾವಣೆಯಲ್ಲಿ ಗೆದ್ದು ಪೊಲೀಸನಾಗುವುದು ನಮಗೆ ವಿಚಿತ್ರವಾಗಿ ಕಾಣಬಹುದು. ಅಮೆರಿಕದಲ್ಲಿ ಕೆಲವು ಹುದ್ದೆಗಳಿಗೆ ಈಗಲೂ ಹಾಗೆಯೇ.

ಆ ಕಾಲದ ಅಮೆರಿಕನ್ ಪೊಲೀಸು ಊರಿನ ರಾಜಕೀಯ ಪುಢಾರಿಯ ಕೈಗೊಂಬೆ. ಪುಢಾರಿ ಗೆದ್ದರೆ ಅವನ ಕಡೆಯವರಿಗೆ ಸಮವಸ್ತ್ರ, ಸೋತರೆ ಬೇರೆಯವರಿಗೆ. ತರಬೇತಿ ಎಂಬುದೇ ಇರಲಿಲ್ಲ. ಒಂದು ಬಿಲ್ಲೆ, ಒಂದು ಲಾಠಿ, ಒಂದು ಪಿಸ್ತೂಲು ಕೊಟ್ಟು ಬೀಟಿಗೆ ಕಳಿಸಿದರೆ ಮುಗಿಯಿತು. ಅಪರಾಧವನ್ನು ಸಾಬೀತು ಮಾಡುವ ವಿಧಾನ ಎಂದರೆ ಒಪ್ಪಿಕೊಳ್ಳುವವರೆಗೆ ಹೊಡೆಯುವುದು. ಆ ಹೊಡೆತಕ್ಕೆ ಅಲ್ಲಿ 'ಥರ್ಡ್ ಡಿಗ್ರಿ' ಎಂಬ ಹೆಸರಿತ್ತು. ನಮ್ಮ ಠಾಣೆಗಳಿಗೂ ಚೆನ್ನಾಗಿ ಗೊತ್ತಿರುವ ಹೆಸರು ಅದು.

1907ರಲ್ಲಿ ಒಂದು ಸಾವು ವೋಲ್ಮರನನ್ನು ಕಾಡಿತು. ವಿಷದಿಂದ ಆದ ಸಾವು. ಆತ್ಮಹತ್ಯೆಯೋ ಕೊಲೆಯೋ ಎಂಬ ಅನುಮಾನ. ವೋಲ್ಮರ್ ನೇರವಾಗಿ ವಿಶ್ವವಿದ್ಯಾಲಯಕ್ಕೆ ಹೋಗಿ, ಜೀವವಿಜ್ಞಾನಿ ಜಾಕ್ ಲೋಬ್‌ನ ಬಾಗಿಲು ತಟ್ಟಿದ. ಲಕ್ಷಣಗಳನ್ನೆಲ್ಲ ಕೇಳಿದ ಲೋಬ್ ಇದು ಕೊಲೆಯಂತೆ ಕಾಣುತ್ತದೆ ಎಂದ. ಆದರೆ ಸ್ಥಳದಲ್ಲಿ ಸಿಕ್ಕ ಸಾಕ್ಷ್ಯವನ್ನು ಪೊಲೀಸರು ಕಾಪಾಡಿಕೊಂಡಿರಲಿಲ್ಲ. ಪ್ರಕರಣ ನಿಲ್ಲಲಿಲ್ಲ. ತಿಳಿಯದವರ ಕೈಗೆ ಸಿಕ್ಕ ಸಾಕ್ಷ್ಯ ಸಾಕ್ಷ್ಯವಾಗಿ ಉಳಿಯುವುದಿಲ್ಲ ಎಂಬುದು ವೋಲ್ಮರನಿಗೆ ಮನದಟ್ಟಾಯಿತು. ಹಾನ್ಸ್ ಗ್ರಾಸ್ ಎಂಬ ಆಸ್ಟ್ರಿಯದವನ ಪುಸ್ತಕಗಳನ್ನು ಓದು ಎಂದು ಲೋಬ್ ಹೇಳಿದ.

ಈ ಹಾನ್ಸ್ ಗ್ರಾಸ್‌ನ ಬಗ್ಗೆ ಎರಡು ಮಾತು ಹೇಳಬೇಕು. ಆತ ತನಿಖಾ ಮ್ಯಾಜಿಸ್ಟ್ರೇಟನಾಗಿದ್ದವನು. ರಕ್ತದ ಕಲೆ, ಹೆಜ್ಜೆ ಗುರುತು, ಸುಳ್ಳು ಸಾಕ್ಷಿ, ಗುಂಡಿನ ಗಾಯ ಇವನ್ನೆಲ್ಲ ಹೇಗೆ ನೋಡಬೇಕೆಂದು ಜರ್ಮನ್ ಭಾಷೆಯಲ್ಲಿ 1893ರಲ್ಲಿ ಒಂದು ಕೈಪಿಡಿ ಬರೆದ. 1912ರಲ್ಲಿ ಗ್ರಾಜ್ ನಗರದ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರದ ಸಂಸ್ಥೆ ತೆರೆದವನೂ ಅವನೇ. ಆ ಕೈಪಿಡಿ ಇಂಗ್ಲಿಷಿಗೆ ಬಂದದ್ದು ಎಲ್ಲಿ ಎಂದುಕೊಂಡಿರಿ? ಲಂಡನ್ನಿನಲ್ಲಿ ಅಲ್ಲ, ನ್ಯೂಯಾರ್ಕಿನಲ್ಲೂ ಅಲ್ಲ. ನಮ್ಮ ಮದರಾಸಿನಲ್ಲಿ. ಅಲ್ಲಿನ ಸರ್ಕಾರಿ ವಕೀಲರಾದ ಜಾನ್ ಆಡಂ ಮತ್ತು ಕಾಲಿಯರ್ ಆಡಂ ಅದನ್ನು ಅನುವಾದಿಸಿ, ಇಂಡಿಯಾದ ಪದ್ಧತಿಗೆ ಹೊಂದಿಸಿ 1906ರಲ್ಲಿ ಪ್ರಕಟಿಸಿದರು. ಮ್ಯಾಜಿಸ್ಟ್ರೇಟರು, ಪೊಲೀಸ್ ಅಧಿಕಾರಿಗಳು, ವಕೀಲರು ಅದರ ಓದುಗರು. ಬಳ್ಳಾರಿ, ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದ ಜಿಲ್ಲೆಗಳೇ. ಇಂಗ್ಲಿಷ್ ಜಗತ್ತು ತನಿಖೆಯ ವಿಜ್ಞಾನವನ್ನು ಓದಿದ್ದು ಮದರಾಸಿನ ಅಚ್ಚಿನಲ್ಲಿ ಎಂಬುದು ಆಕಸ್ಮಿಕವೇನೂ ಅಲ್ಲ. ಬೆರಳಚ್ಚಿನ ವರ್ಗೀಕರಣ ಆಡಳಿತದ ಬಳಕೆಗೆ ಬಂದದ್ದೂ 1897ರ ಕಲ್ಕತ್ತೆಯಲ್ಲಿ. ಭಾಷೆ ತಿಳಿಯದ, ಮುಖ ಗುರುತಿಲ್ಲದ ಕೋಟ್ಯಂತರ ಜನರನ್ನು ಆಳಬೇಕಾದವರಿಗೆ ಇಂಥ ಉಪಾಯಗಳ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿತ್ತು.

1908ರಲ್ಲಿ ವೋಲ್ಮರ್ ತನ್ನ ಠಾಣೆಯಲ್ಲೇ ಪಾಠ ಆರಂಭಿಸಿದ. ಪಾಳಿ ಮುಗಿಸಿ ಬಂದ ಪೇದೆಗಳು ಬೆಂಚಿನ ಮೇಲೆ ಕೂತು ಪಾಠ ಕೇಳಬೇಕು. ಸಾಕ್ಷ್ಯ ಕಾನೂನು, ಪ್ರಥಮ ಚಿಕಿತ್ಸೆ, ಛಾಯಾಗ್ರಹಣ ಮೊದಲಾದ ವಿಷಯಗಳು. ಪಕ್ಕದ ವಿಶ್ವವಿದ್ಯಾಲಯದ ಅಧ್ಯಾಪಕರನ್ನೇ ಕರೆತಂದು ಪಾಠ ಹೇಳಿಸುತ್ತಿದ್ದ. 1916ರಲ್ಲಿ ಕಾನೂನು ಪ್ರಾಧ್ಯಾಪಕ ಅಲೆಕ್ಸಾಂಡರ್ ಕಿಡ್ ಜೊತೆ ಸೇರಿ ಈ ವಿಷಯವನ್ನು ವಿಶ್ವವಿದ್ಯಾಲಯದ ಬೇಸಿಗೆ ತರಗತಿಗಳೊಳಕ್ಕೇ ತಂದ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಆತ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಾಲೇಜಿನಲ್ಲಿ ಓದುತ್ತಿದ್ದವರನ್ನೇ ಪೊಲೀಸ್ ಕೆಲಸಕ್ಕೆ ತೆಗೆದುಕೊಳ್ಳತೊಡಗಿದ. ಹಗಲು ತರಗತಿ, ರಾತ್ರಿ ಗಸ್ತು. ಬೇರೆ ಊರಿನ ಪೊಲೀಸರು ಇವರನ್ನು 'ಕಾಲೇಜು ಪೊಲೀಸರು' ಎಂದು ಹಂಗಿಸಿದರು.

ಹಂಗಿಸಿಕೊಂಡವರಲ್ಲಿ ಮೂವರ ಹೆಸರು ಹೇಳುತ್ತೇನೆ. ಒಬ್ಬ ವಾಲ್ಟರ್ ಗಾರ್ಡನ್, ಕಪ್ಪು ಜನಾಂಗದವನು, ವಿಶ್ವವಿದ್ಯಾಲಯದ ಹೆಸರಾಂತ ಫುಟ್‌ಬಾಲ್ ಆಟಗಾರ. 1919ರಲ್ಲಿ ಬರ್ಕ್ಲಿಯ ಮೊದಲ ಕಪ್ಪು ಪೊಲೀಸನಾಗಿ, ಗಸ್ತು ತಿರುಗುತ್ತಲೇ ಕಾನೂನು ಪದವಿ ಪಡೆದು, ವಕೀಲನಾಗಿ, 1955ರಲ್ಲಿ ಅಮೆರಿಕದ ಆಡಳಿತಕ್ಕೆ ಸೇರಿದ ವರ್ಜಿನ್ ದ್ವೀಪಗಳ ಗವರ್ನರನಾದ. ಇನ್ನೊಬ್ಬ ಓ. ಡಬ್ಲ್ಯು. ವಿಲ್ಸನ್, ಅವನ ಮಾತು ಮುಂದೆ ಬರುತ್ತದೆ. ಮೂರನೆಯವನು ಜಾನ್ ಲಾರ್ಸನ್, ಶರೀರಕ್ರಿಯಾಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಪೇದೆ! ರಕ್ತದೊತ್ತಡ, ಉಸಿರಾಟಗಳ ಏರಿಳಿತವನ್ನು ಕಾಗದದ ಮೇಲೆ ಗೀಚುವ ಯಂತ್ರವನ್ನು 1921ರಲ್ಲಿ ಬರ್ಕ್ಲಿ ಠಾಣೆಯಲ್ಲಿ ಕಟ್ಟಿದ. ಅದೇ ಸುಳ್ಳು ಪತ್ತೆ ಯಂತ್ರ. ಹೊಡೆಯುವುದನ್ನು ತಪ್ಪಿಸುವುದೇ ವೋಲ್ಮರನ ಉದ್ದೇಶವಾಗಿತ್ತು. ಆದರೆ ಒತ್ತಾಯ ಬೇರೆ ರೂಪದಲ್ಲಿ ಒಳಗೆ ಬಂತು. ಯಂತ್ರ ಬಳಕೆಯಾದ ರೀತಿಯನ್ನು ಕಂಡು ಲಾರ್ಸನ್ನನೇ ಮುಂದೆ ಬೇಸರಪಟ್ಟ. ತೊಂಬತ್ತು ವರ್ಷ ಕಳೆದು, 2010ರಲ್ಲಿ, ನಮ್ಮ ಸುಪ್ರೀಂ ಕೋರ್ಟು ಈ ಪ್ರಶ್ನೆಯನ್ನು ತೀರ್ಮಾನಿಸಿತು. ಸುಳ್ಳು ಪತ್ತೆ, ನಾರ್ಕೊ, ಮಿದುಳಿನ ಪರೀಕ್ಷೆ ಯಾವುದನ್ನೂ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಎಂದಿತು. ಆ ಪ್ರಕರಣದ ಹೆಸರು 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ'. ನಾರ್ಕೊ ಪರೀಕ್ಷೆಗೆ ಅಷ್ಟರಲ್ಲಿ ಬೆಂಗಳೂರು ದೇಶಕ್ಕೆಲ್ಲ ಹೆಸರಾಗಿತ್ತು.

ವೋಲ್ಮರನನ್ನು ಸಂತನೆಂದು ಪೂಜಿಸಬೇಕಾಗಿಲ್ಲ. ಅಪರಾಧ ರಕ್ತದಲ್ಲಿ, ವಂಶದಲ್ಲಿ ಬರುತ್ತದೆ ಎಂಬ ಆ ಕಾಲದ ವಾದಗಳು ಅವನ ಪಾಠದೊಳಗೂ ಇದ್ದವು. ಇಡೀ ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಅಂಟಿಸಿದ 1871ರ ಕಾಯಿದೆಯನ್ನು ಕಂಡ ನಮಗೆ ಈ 'ವಿಜ್ಞಾನ' ಎಲ್ಲಿಗೆ ಒಯ್ಯುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಅವನ ಕೆಲವು ನಿಲುವುಗಳು ಇಂದಿಗೂ ಅಚ್ಚರಿ ತರುತ್ತವೆ. ಮರಣದಂಡನೆಯನ್ನು ಆತ ವಿರೋಧಿಸಿದ. ಮಾದಕ ವ್ಯಸನ ವೈದ್ಯರಿಗೆ ಸೇರಿದ್ದು, ಪೊಲೀಸರಿಗಲ್ಲ ಎಂದು 1936ರ ತನ್ನ ಪುಸ್ತಕದಲ್ಲಿ ವಾದಿಸಿದ. ಅಮೆರಿಕ ಸರ್ಕಾರದ ವಿಕರ್‌ಶ್ಯಾಮ್ ಆಯೋಗ 1931ರಲ್ಲಿ ವರದಿಗಳನ್ನು ಹೊರತಂದಾಗ, ಪೊಲೀಸರ ಕುರಿತ ಸಂಪುಟದ ಹೊಣೆ ವೋಲ್ಮರನದಾಗಿತ್ತು. ಅದೇ ಆಯೋಗದ ಇನ್ನೊಂದು ಸಂಪುಟ 'ಥರ್ಡ್ ಡಿಗ್ರಿ' ಹಿಂಸೆಯನ್ನು ಊರೂರಿನ ಹೆಸರು ಹಿಡಿದು ಬಯಲಿಗೆಳೆಯಿತು.

ಆ ವರ್ಷವೇ ಪ್ರಾಥಮಿಕ ಶಾಲೆಯ ವಿದ್ಯಾರ್ಥಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದ. 1950ರಲ್ಲಿ ಅಲ್ಲಿ ಅಪರಾಧಶಾಸ್ತ್ರದ ಪ್ರತ್ಯೇಕ ಶಾಖೆಯೇ ತೆರೆಯಿತು. ಅದರ ಮೊದಲ ಡೀನ್ ಆ ಹಳೆಯ ಕಾಲೇಜು ಪೊಲೀಸ್ ವಿಲ್ಸನ್. ಪ್ರಯೋಗಾಲಯದಲ್ಲಿ ಪಾಲ್ ಕರ್ಕ್ ಇದ್ದ. ಒಹಾಯೊದಲ್ಲಿ ಹೆಂಡತಿಯನ್ನು ಕೊಂದ ಆರೋಪದ ಮೇಲೆ ಶಿಕ್ಷೆಯಾದ ಶೆಪರ್ಡ್ ಎಂಬ ವೈದ್ಯನ ಮನೆಗೆ 1955ರಲ್ಲಿ ಹೋಗಿ, ಗೋಡೆಯ ಮೇಲೆ ಸಿಡಿದ ರಕ್ತದ ಹನಿಗಳನ್ನು ಅಳೆದವನು ಇವನೇ. 1966ರ ಮರುವಿಚಾರಣೆಯಲ್ಲಿ ಅವನು ಸಾಕ್ಷಿ ಹೇಳಿದ, ವೈದ್ಯ ಬಿಡುಗಡೆಯಾದ. ವೋಲ್ಮರ್ ಇದನ್ನು ನೋಡಲು ಇರಲಿಲ್ಲ. ರೋಗದಿಂದ ಜರ್ಜರಿತನಾಗಿದ್ದ ಆತ 1955ರ ನವೆಂಬರಿನಲ್ಲಿ ತನ್ನ ಪಿಸ್ತೂಲಿನಿಂದಲೇ ಗುಂಡು ಹಾರಿಸಿಕೊಂಡು ತೀರಿಕೊಂಡ.

ಅಪರಾಧಿಯನ್ನು ಓದುವುದೋ, ವ್ಯವಸ್ಥೆಯನ್ನು ಓದುವುದೋ

ಈವರೆಗೆ ಹೇಳಿದ್ದೆಲ್ಲ ಒಂದು ದಿಕ್ಕಿನ ಓದು. ಅಪರಾಧಿ ಯಾಕೆ ಹಾಗಾದ, ಅವನನ್ನು ಹೇಗೆ ಹಿಡಿಯಬೇಕು ಎಂಬುದು ಅದರ ಪ್ರಶ್ನೆ. 1950ರ ದಶಕದಲ್ಲಿ ಇನ್ನೊಂದು ದಿಕ್ಕು ಕಾಣಿಸಿತು. ಅಮೆರಿಕನ್ ಬಾರ್ ಫೌಂಡೇಶನ್ ಎಂಬ ವಕೀಲರ ಸಂಸ್ಥೆ ಕಾನ್ಸಸ್, ಮಿಷಿಗನ್, ವಿಸ್ಕಾನ್ಸಿನ್ ರಾಜ್ಯಗಳಿಗೆ ಸಂಶೋಧಕರನ್ನು ಕಳಿಸಿತು. ಅವರು ಕಾನೂನು ಪುಸ್ತಕ ಬದಿಗಿಟ್ಟು, ಪೊಲೀಸ್ ಗಾಡಿಯಲ್ಲಿ ಕೂತರು, ಸರ್ಕಾರಿ ವಕೀಲರ ಕೋಣೆಯಲ್ಲಿ ಕೂತರು, ನಡೆದದ್ದನ್ನು ಬರೆದುಕೊಂಡರು. ಅವರಿಗೆ ಕಂಡದ್ದು ಪುಸ್ತಕದಲ್ಲಿ ಇರಲೇ ಇಲ್ಲ. ಕಾನೂನು ಮುರಿದವರನ್ನೆಲ್ಲ ಪೊಲೀಸರು ಹಿಡಿಯುವುದಿಲ್ಲ. ಒಬ್ಬನಿಗೆ ಎಚ್ಚರಿಕೆ ಕೊಟ್ಟು ಬಿಡುತ್ತಾರೆ, ಇನ್ನೊಬ್ಬನನ್ನು ಒಳಗೆ ಹಾಕುತ್ತಾರೆ. ಸರ್ಕಾರಿ ವಕೀಲ ಕೆಲವು ಆರೋಪ ಬಿಡುತ್ತಾನೆ, ಕೆಲವನ್ನು ಹಿಡಿಯುತ್ತಾನೆ. ಹೆಚ್ಚಿನ ಪ್ರಕರಣಗಳು ವಿಚಾರಣೆಯಿಲ್ಲದೆ, ತಪ್ಪೊಪ್ಪಿಗೆಯ ಚೌಕಾಸಿಯಲ್ಲೇ ಮುಗಿಯುತ್ತವೆ. ನ್ಯಾಯ ನಿಜವಾಗಿ ತೀರ್ಮಾನವಾಗುವುದು ನ್ಯಾಯಾಧೀಶನ ಪೀಠದಲ್ಲಿ ಅಷ್ಟಾಗಿ ಅಲ್ಲ, ರಸ್ತೆ ಬದಿಯಲ್ಲಿ ನಿಂತ ಪೇದೆಯ ವಿವೇಚನೆಯಲ್ಲಿ.

ನಮ್ಮ ಹಳ್ಳಿಯ ಜನಕ್ಕೆ ಇದೊಂದು ಸಂಶೋಧನೆಯೇ ಎಂದು ನಗು ಬರಬಹುದು. ಯಾರ ಮೇಲೆ ಕೇಸು ಆಗುತ್ತದೆ, ಯಾರ ಮೇಲೆ ಆಗುವುದಿಲ್ಲ ಎಂಬುದು ಚಹದಂಗಡಿಯಲ್ಲಿ ಕೂತವರಿಗೆಲ್ಲ ಗೊತ್ತು. ಆದರೆ ಗೊತ್ತಿರುವುದು ಬೇರೆ, ಅದನ್ನು ಎಣಿಸಿ, ಬರೆದು, ಪಾಠದ ವಿಷಯವಾಗಿಸುವುದು ಬೇರೆ. 1967ರಲ್ಲಿ ಅಧ್ಯಕ್ಷ ಜಾನ್ಸನ್ ನೇಮಿಸಿದ ಆಯೋಗದ ವರದಿಯಲ್ಲಿ ಒಂದು ದೊಡ್ಡ ನಕ್ಷೆ ಬಂತು. ಎಡಗಡೆ ನಡೆದ ಅಪರಾಧಗಳು. ಅಲ್ಲಿಂದ ಪೊಲೀಸು, ಆರೋಪಪಟ್ಟಿ, ಕೋರ್ಟು, ಜೈಲು ಎಂದು ಬಲಗಡೆಗೆ ಹರಿಯುವ ಗೆರೆಗಳು. ದಾರಿಯುದ್ದಕ್ಕೂ ಗೆರೆಗಳು ಕವಲೊಡೆದು ಹೊರಗೆ ಜಾರುತ್ತವೆ, ಕೊನೆಗೆ ಮುಟ್ಟುವುದು ತೆಳ್ಳಗಿನ ಎಳೆ ಮಾತ್ರ. ಪೊಲೀಸು, ಕೋರ್ಟು, ಜೈಲು ಮೂರು ಬೇರೆ ಬೇರೆ ಇಲಾಖೆಗಳಲ್ಲ, ಒಂದರ ತಪ್ಪು ಇನ್ನೊಂದರ ತಲೆಯ ಮೇಲೆ ಬೀಳುವ ಒಂದೇ ವ್ಯವಸ್ಥೆ ಎಂಬ ಕಲ್ಪನೆ ಆ ನಕ್ಷೆಯಿಂದ ಜನಪ್ರಿಯವಾಯಿತು. 'ಕ್ರಿಮಿನಲ್ ಜಸ್ಟಿಸ್' ಎಂಬ ಹೆಸರಿನ ಕಾಲೇಜು ವಿಷಯಕ್ಕೆ ತಳಹದಿಯಾದದ್ದೂ ಆ ಕಲ್ಪನೆಯೇ.

ಅದೇ ವರದಿ ಪೊಲೀಸರೆಲ್ಲರೂ ಕೊನೆಗೆ ಪದವೀಧರರಾಗಬೇಕು ಎಂದಿತು. 1968ರ ಕಾಯಿದೆಯಿಂದ ಹಣ ಹರಿಯತೊಡಗಿತು. ಪೊಲೀಸರು ಕಾಲೇಜು ಸೇರಿದರೆ ಶುಲ್ಕ ಸರ್ಕಾರದ್ದು. ಮುಂದೆ ಪೊಲೀಸರಾಗುತ್ತೇವೆಂದು ಓದುವವರಿಗೆ ಸಾಲ. ಕೆಲಸಕ್ಕೆ ಸೇರಿದ ಮೇಲೆ ಪ್ರತಿ ವರ್ಷದ ಸೇವೆಗೆ ಸಾಲದ ಕಾಲುಭಾಗ ಮನ್ನಾ. ಬೆಲ್ಲ ಇದ್ದಲ್ಲಿ ಇರುವೆ ಬಾರದೆ ಇದ್ದೀತೇ? ಹತ್ತು ವರ್ಷದಲ್ಲಿ ನೂರಾರು ಕಾಲೇಜುಗಳು ಈ ವಿಷಯವನ್ನು ತೆರೆದವು. ಎಷ್ಟೋ ಕಡೆ ಪಾಠ ಹೇಳುವವರು ನಿವೃತ್ತ ಪೊಲೀಸರು, ಪಾಠ ಎಂದರೆ ಅವರ ಅನುಭವದ ಕಥೆಗಳು. ಲಾರೆನ್ಸ್ ಶೆರ್ಮನ್ 1978ರಲ್ಲಿ ಈ ಶಿಕ್ಷಣದ ಗುಣಮಟ್ಟವನ್ನು ಕಟುವಾಗಿ ವಿಮರ್ಶಿಸಿದರು. ಪೊಲೀಸರನ್ನು ಬದಲಿಸಬೇಕಾದ ಕಾಲೇಜು ಪೊಲೀಸರಿದ್ದಂತೆಯೇ ಅವರಿಗೆ ಪದವಿ ಕೊಟ್ಟು ಕಳಿಸುತ್ತಿದೆ ಎಂಬುದು ಆ ವಿಮರ್ಶೆಯ ತಿರುಳು. ನಿಜ. ಆದರೂ ಹಣದ ಜೊತೆ ಒಳ್ಳೆಯ ಕೆಲಸವೂ ಬಂತು.

ಅದಕ್ಕೊಂದು ಉದಾಹರಣೆ ಕಾನ್ಸಸ್ ನಗರದ್ದು. ಪೊಲೀಸ್ ಕಾರು ರಸ್ತೆಯಲ್ಲಿ ಸುತ್ತುತ್ತಿದ್ದರೆ ಕಳ್ಳರು ಹೆದರುತ್ತಾರೆ, ಜನ ನೆಮ್ಮದಿಯಿಂದಿರುತ್ತಾರೆ ಎಂಬುದು ವೋಲ್ಮರ್, ವಿಲ್ಸನ್ ಇಬ್ಬರೂ ದೇಶಕ್ಕೆಲ್ಲ ಸಾರಿದ ಸಿದ್ಧಾಂತ. ಅರ್ಧ ಶತಮಾನ ಅದನ್ನು ಯಾರೂ ಪರೀಕ್ಷಿಸಿರಲಿಲ್ಲ. 1972ರ ಅಕ್ಟೋಬರಿನಿಂದ ಒಂದು ವರ್ಷ ಕಾನ್ಸಸ್ ನಗರದ 15 ಬೀಟುಗಳನ್ನು ಐದೈದರಂತೆ ಮೂರು ಗುಂಪು ಮಾಡಿದರು. ಮೊದಲನೆಯದರಲ್ಲಿ ಗಸ್ತು ಪೂರ್ತಿ ನಿಲ್ಲಿಸಿ, ಕರೆ ಬಂದರೆ ಮಾತ್ರ ಕಾರು ಹೋಗುವಂತೆ ಮಾಡಿದರು. ಎರಡನೆಯದರಲ್ಲಿ ಎಂದಿನ ಗಸ್ತು. ಮೂರನೆಯದರಲ್ಲಿ ಎರಡು ಮೂರು ಪಟ್ಟು ಹೆಚ್ಚು. ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಕಳ್ಳತನದಲ್ಲಾಗಲಿ ಜನರ ಭಯದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಗಸ್ತು ಏರಿದ್ದು ಇಳಿದದ್ದು ಜನರ ಗಮನಕ್ಕೇ ಬಂದಿರಲಿಲ್ಲ! 1974ರಲ್ಲಿ ವರದಿ ಬಂದಾಗ ಪೊಲೀಸ್ ಮುಖ್ಯಸ್ಥರು ಸಿಟ್ಟಾದರು. ಈ ಪ್ರಯೋಗದ ಲೋಪಗಳ ಬಗ್ಗೆ ಚರ್ಚೆ ಇಂದಿಗೂ ನಡೆಯುತ್ತಿದೆ. ಆದರೆ ನಂಬಿಕೊಂಡು ಬಂದದ್ದನ್ನು ಅಳೆದು ನೋಡಬಹುದು, ಪೊಲೀಸರೇ ಅದಕ್ಕೆ ಒಪ್ಪಿ ಜೊತೆಗೂಡಬಹುದು ಎಂಬುದು ತಿಳಿಯಿತು.

ಬೀಗ

ಇತ್ತ ಬರ್ಕ್ಲಿಯ ಹವೆ ಬದಲಾಗಿತ್ತು. 1964ರ ಡಿಸೆಂಬರಿನಲ್ಲಿ ವಾಕ್ ಸ್ವಾತಂತ್ರ್ಯದ ಚಳವಳಿಯಲ್ಲಿ ಪೊಲೀಸರು ವಿಶ್ವವಿದ್ಯಾಲಯದ ಕಟ್ಟಡದೊಳಗಿಂದ ಸುಮಾರು 800 ಜನರನ್ನು ಬಂಧಿಸಿದರು. 1969ರಲ್ಲಿ ಒಂದು ಖಾಲಿ ಜಾಗವನ್ನು ಉದ್ಯಾನ ಮಾಡಿಕೊಂಡ ಜನರ ಮೇಲೆ ಗುಂಡು ಹಾರಿ ಜೇಮ್ಸ್ ರೆಕ್ಟರ್ ಎಂಬ ಯುವಕ ಸತ್ತ. ಅಪರಾಧಶಾಸ್ತ್ರದ ಶಾಖೆ ಇದ್ದದ್ದು ಇದೇ ಆವರಣದಲ್ಲಿ. ಕಿಟಕಿಯಾಚೆ ನಡೆಯುತ್ತಿದ್ದುದನ್ನು ನೋಡಿದ ವಿದ್ಯಾರ್ಥಿಗಳು ಬೇರೆ ಪ್ರಶ್ನೆ ಕೇಳತೊಡಗಿದರು. ಅಪರಾಧ ಎಂದರೇನು? ಯಾವುದನ್ನು ಅಪರಾಧ ಎನ್ನಬೇಕು ಎಂದು ತೀರ್ಮಾನಿಸುವವರು ಯಾರು? ಜೇಬುಗಳ್ಳನನ್ನು ಓದುವ ನಾವು ವಿಯೆಟ್ನಾಂ ಯುದ್ಧವನ್ನು ಯಾಕೆ ಓದುವುದಿಲ್ಲ?

ಅಧ್ಯಾಪಕರಲ್ಲಿ ಕೆಲವರು ಇವರ ಜೊತೆಗಿದ್ದರು. ಟೋನಿ ಪ್ಲಾಟ್ 1969ರ ತಮ್ಮ ಪುಸ್ತಕದಲ್ಲಿ, ಬಾಲಾಪರಾಧಿಗಳನ್ನು ಉದ್ಧರಿಸಲು ಹೊರಟ ಸುಧಾರಕರು ಬಡವರ ಮಕ್ಕಳ ಮೇಲೆ ಹೊಸ ಹಿಡಿತವನ್ನೇ ತಂದರು ಎಂದು ತೋರಿಸಿದರು. ಪಾಲ್ ಟಕಾಗಿ ಅವರದು ಇನ್ನೂ ವಿಶೇಷದ ಬದುಕು. ಜಪಾನಿ ಮೂಲದವರೆಂಬ ಕಾರಣಕ್ಕೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಂಜನಾರ್ ಬಂಧನ ಶಿಬಿರದಲ್ಲಿ ಇಡಲ್ಪಟ್ಟವರು. ಯಾವ ಅಪರಾಧವನ್ನೂ ಮಾಡದೆ ಮುಳ್ಳುತಂತಿಯ ಒಳಗಿದ್ದ ಹುಡುಗ, ಮುಂದೆ ಬಿಡುಗಡೆಯಾದ ಕೈದಿಗಳ ಮೇಲ್ವಿಚಾರಕರಾಗಿ ದುಡಿದು, ಅಪರಾಧಶಾಸ್ತ್ರದ ಅಧ್ಯಾಪಕರಾದರು. ಪೊಲೀಸರ ಗುಂಡಿಗೆ ಸತ್ತವರ ಅಂಕಿಅಂಶಗಳನ್ನು ಅವರು 1974ರಲ್ಲಿ ವಿಶ್ಲೇಷಿಸಿದರು. ಜನಸಂಖ್ಯೆಯ ಪ್ರಮಾಣದಲ್ಲಿ ನೋಡಿದರೆ ಬಿಳಿಯರಿಗಿಂತ ಕಪ್ಪು ಗಂಡಸರು ಹಲವು ಪಟ್ಟು ಹೆಚ್ಚಾಗಿ ಸಾಯುತ್ತಿದ್ದರು.

ಪೊಲೀಸ್ ಅಧಿಕಾರಿಗಳಿಗೂ ರಾಜಕಾರಣಿಗಳಿಗೂ ಇದು ಹಿಡಿಸಲಿಲ್ಲ. ಹರ್ಮನ್ ಶ್ವೆಂಡಿಂಗರ್ ಅವರಂಥವರಿಗೆ ಕಾಯಂ ಹುದ್ದೆ ಸಿಗಲಿಲ್ಲ. ಈ ಶಾಖೆಯಲ್ಲಿ ವಿದ್ವತ್ತಿಗಿಂತ ವೃತ್ತಿ ತರಬೇತಿಯೇ ಹೆಚ್ಚು, ಇದು ನಮ್ಮ ಮಟ್ಟದ್ದಲ್ಲ ಎಂಬ ಹಳೆಯ ಅಸಮಾಧಾನವೂ ವಿಶ್ವವಿದ್ಯಾಲಯದೊಳಗೆ ಇತ್ತು. ವಿದ್ಯಾರ್ಥಿಗಳು ಬೀದಿಗಿಳಿದು ಪ್ರತಿಭಟಿಸಿದರು. 1976ರಲ್ಲಿ ಶಾಖೆ ಮುಚ್ಚಿತು. ಎಡಪಂಥೀಯರೆಂಬ ಕಾರಣಕ್ಕೆ ಮುಚ್ಚಿದರು ಎಂದು ಒಂದು ಪಕ್ಷ, ಗುಣಮಟ್ಟಕ್ಕಾಗಿ ಎಂದು ಇನ್ನೊಂದು. ನನ್ನ ಮಟ್ಟಿಗೆ ಎರಡನೆಯ ಮಾತು ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ. ವೃತ್ತಿ ತರಬೇತಿಯೆಂಬ ದೂರು ವಿಲ್ಸನ್‌ನ ಕಾಲದಲ್ಲಿ ಇನ್ನೂ ಹೆಚ್ಚು ಸಲ್ಲುತ್ತಿತ್ತು. ಆಗ ಬೀಗ ಬೀಳಲಿಲ್ಲವಲ್ಲ!

ನಮ್ಮ ಕಡೆ

ನಮ್ಮ ದೇಶದಲ್ಲಿ ಈ ಓದು ಬಂದ ದಾರಿ ಬೇರೆ. ಅಲ್ಲಿ ಠಾಣೆಯಿಂದ ಕಾಲೇಜಿಗೆ ಹೋದರೆ, ಇಲ್ಲಿ ಅದು ಸಮಾಜಕಾರ್ಯದ ಬಾಗಿಲಿನಿಂದ ಒಳಬಂತು. ಇಂದು ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಎನಿಸಿಕೊಂಡಿರುವ ಶಾಲೆ ಮುಂಬಯಿಯಲ್ಲಿ 1936ರಲ್ಲಿ ತೆರೆಯಿತು. 1951-52ರಲ್ಲಿ ಅಮೆರಿಕದ ಅಪರಾಧಶಾಸ್ತ್ರಜ್ಞ ವಾಲ್ಟರ್ ರೆಕ್ಲೆಸ್ ವಿಶ್ವಸಂಸ್ಥೆಯ ಪರವಾಗಿ ಬಂದು ನಮ್ಮ ಜೈಲುಗಳ ಆಡಳಿತವನ್ನು ಪರಿಶೀಲಿಸಿ ವರದಿ ಕೊಟ್ಟರು. 1959ರಲ್ಲಿ ಮಧ್ಯಪ್ರದೇಶದ ಸಾಗರ ವಿಶ್ವವಿದ್ಯಾಲಯ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ವಿಭಾಗ ಆರಂಭಿಸಿತು. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಈ ಎರಡನ್ನೂ ಒಂದೇ ಸೂರಿನಡಿ ಕಲಿಸುವ ಸ್ನಾತಕೋತ್ತರ ವಿಭಾಗ ಬಂತು. ಪೊಲೀಸ್ ತರಬೇತಿಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 1971ರಲ್ಲಿ ಒಂದು ಸಮಿತಿ ನೇಮಿಸಿದಾಗ ಅದರ ಅಧ್ಯಕ್ಷರಾಗಿ ಆರಿಸಿದ್ದು ಪೊಲೀಸ್ ಅಧಿಕಾರಿಯನ್ನಲ್ಲ. ಹುಬ್ಬಳ್ಳಿಯಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ, ಟಾಟಾ ಸಂಸ್ಥೆಯ ಮುಖ್ಯಸ್ಥರಾಗಿದ್ದ ಎಂ. ಎಸ್. ಗೋರೆ ಅವರನ್ನು. ಪೊಲೀಸರಿಗೆ ಕವಾಯತಿನಷ್ಟೇ ಸಮಾಜದ ತಿಳಿವಳಿಕೆಯೂ ಬೇಕು ಎಂಬುದು 1973ರ ಆ ವರದಿಯ ಧೋರಣೆ.

ಈಗ ಗಾಳಿ ಪ್ರಯೋಗಾಲಯದ ಕಡೆ ಬೀಸುತ್ತಿದೆ. 2020ರಲ್ಲಿ ಸಂಸತ್ತಿನ ಕಾಯಿದೆಯಿಂದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ ರೂಪುಗೊಂಡಿತು. ಅದರ ಧಾರವಾಡ ಆವರಣಕ್ಕೆ 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು ಎನ್ನುತ್ತದೆ. ರಾಜ್ಯಗಳು ಇದನ್ನು ಜಾರಿಗೆ ತರಲು ಐದು ವರ್ಷದವರೆಗೆ ಕಾಲಾವಕಾಶ. ಅಷ್ಟು ತಜ್ಞರು ಬೇಕೆಂದರೆ ಕಾಲೇಜುಗಳಿಂದಲೇ ಬರಬೇಕು. ವೋಲ್ಮರ್ 1907ರಲ್ಲಿ ಕಳೆದುಕೊಂಡ ಸಾಕ್ಷ್ಯದಂಥದ್ದು ನಮ್ಮ ಮಹಜರುಗಳಲ್ಲಿ ದಿನವೂ ಕಳೆದುಹೋಗುತ್ತಿರುವಾಗ ಇದು ಸ್ವಾಗತಿಸಬೇಕಾದದ್ದೇ.

ಆದರೆ ಬರ್ಕ್ಲಿಯಲ್ಲಿ ಬೀಗ ಹಾಕಿಸಿಕೊಂಡ ಇನ್ನೊಂದು ಬಗೆಯ ಓದಿನ ಗತಿ? ಸರ್ಕಾರದ್ದೇ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನ ಕೈದಿಗಳು. ನಾಲ್ವರಲ್ಲಿ ಮೂವರ ಮೇಲಿನ ಅಪರಾಧ ಇನ್ನೂ ಸಾಬೀತಾಗಿಲ್ಲ. ರಕ್ತದ ಹನಿ ಯಾರದೆಂದು ಪ್ರಯೋಗಾಲಯ ಹೇಳುತ್ತದೆ. ಇಷ್ಟು ಜನ ಯಾಕೆ ಒಳಗಿದ್ದಾರೆ, ಯಾರಿಗೆ ಜಾಮೀನು ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದನ್ನು ತಿಳಿಯಲು ಕಡತ ಹಿಡಿದು ಕೂರಬೇಕು, ಜೈಲಿಗೆ ಹೋಗಿ ಕೇಳಬೇಕು.

ಹಾಗೆ ಹೋಗಿ ಕೇಳಿದವರೊಬ್ಬರು ಇದ್ದರು, ಪೊಲೀಸರಲ್ಲೇ. ಹಿರಿಯ ಅಧಿಕಾರಿ ಕೆ. ಎಫ್. ರುಸ್ತುಂಜಿ ಅವರು ರಾಷ್ಟ್ರೀಯ ಪೊಲೀಸ್ ಆಯೋಗದ ಸದಸ್ಯರಾಗಿ ಬಿಹಾರದ ಜೈಲುಗಳನ್ನು ನೋಡಿದರು. ಮಾಡಿದ್ದಾರೆನ್ನಲಾದ ಅಪರಾಧಕ್ಕೆ ಕಾನೂನಿನಲ್ಲಿರುವ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ, ವಿಚಾರಣೆಯೇ ಶುರುವಾಗದೆ ಕೊಳೆಯುತ್ತಿದ್ದವರು ಅಲ್ಲಿದ್ದರು. ಅದನ್ನು ಅವರು 1979ರ ಜನವರಿಯಲ್ಲಿ 'ಇಂಡಿಯನ್ ಎಕ್ಸ್‌ಪ್ರೆಸ್' ಪತ್ರಿಕೆಯಲ್ಲಿ ಬರೆದರು. ಲೇಖನವನ್ನು ಓದಿದ ದೆಹಲಿಯ ವಕೀಲೆ ಕಪಿಲಾ ಹಿಂಗೋರಾಣಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಅದೇ ಹುಸೇನಾರಾ ಖಾತೂನ್ ಪ್ರಕರಣ. ತ್ವರಿತ ವಿಚಾರಣೆ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಕೋರ್ಟು ಹೇಳಿತು. ಅದರ ಬೆನ್ನಿಗೆ ಸುಮಾರು 40,000 ವಿಚಾರಣಾಧೀನರು ಜೈಲಿನಿಂದ ಹೊರಬಂದರು.